ಅಕ್ಟೋಬರ್ ಇಪ್ಪತ್ತನಾಲ್ಕರ ಆಟ

ಆಗಸ್ಟ್ 1, ಮಂಗಳವಾರ. ಮಧ್ಯಾಹ್ನ 3.30

ಕೃತಕ ಹಲ್ಲು ಮಾಡುವ ಲ್ಯಾಬಿನಿಂದ ಎರಡಕ್ಕೇ ಬಂದೆ. ಉಗುರಿನೊಳಗೆ ಇನ್ನೂ ಪ್ಲಾಸ್ಟರ್ ಪುಡಿ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇವತ್ತು ಏಳು ಹಲ್ಲು ಮುಗಿಸಿದೆ. ಆರು ದವಡೆಯವು, ಒಂದು ಮುಂದಿನದು. ಮುಂದಿನದಕ್ಕೆ ಪಕ್ಕದ ಹಲ್ಲಿನ ಬಣ್ಣ ಹೊಂದದೆ ಎರಡು ಸಲ ಸುಡಬೇಕಾಯಿತು. ಭುಜ ಮರಗಟ್ಟಿದೆ. ಹದಿನೈದು ವರ್ಷ ಬೆಂಚಿಗೆ ಬಗ್ಗಿ ಕೂತ ಭುಜ ಇದು, ಮಾತ್ರೆಗೆ ಬಗ್ಗುವುದಿಲ್ಲ, ದಿನಾ ಕೈ ಆಡಿಸಬೇಕು ಎಂದರು ಡಾಕ್ಟರು.

ಬೆಳಿಗ್ಗೆ ಇವರಿಗೆ ಹೇಳಿದೆ. ಶೂ ಹಾಕಿಕೊಳ್ಳುತ್ತಿದ್ದರು. ಟಿವಿ ಕೆಳಗೆ ಆಟದ ಪೆಟ್ಟಿಗೆ ಇದೆಯಲ್ಲ, ಕೈ ಬೀಸಿ ಆಡುವಂಥದ್ದು, ಸುಮ್ಮನೆ ಬಿದ್ದಿದೆ, ಆಡು ಅಂದರು. ತಲೆ ಎತ್ತಲಿಲ್ಲ. ಟೂಲ್ಸಿನ ಚೀಲ ಎತ್ತಿಕೊಂಡು ಹೊರಟರು. ಯಾವುದೋ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆಯಂತೆ.

ಸಹಿ ಹಾಕಿ ಮದುವೆಯಾಗಿ, ಈ ಮನೆಗೆ ಬಂದು ಮೂರು ತಿಂಗಳಾಗುತ್ತ ಬಂತು. ಮೂವತ್ತೊಂಬತ್ತಕ್ಕೆ ಮದುವೆ. ಇವರ ಮಗಳಿಗೆ ಹತ್ತು. ಮಿಡತೆ ಅಂತ ಕರೆಯುತ್ತಾರೆ. ಕೂತಲ್ಲಿ ಕೂರುವವಳಲ್ಲ ಎಂದು ಅವಳ ಅಮ್ಮ ಇಟ್ಟ ಹೆಸರಂತೆ. ಅಮ್ಮ ಹೋಗಿ ಎರಡು ವರ್ಷವಾಗುತ್ತ ಬಂತು. ಈಗ ಮಿಡತೆ ಕೂತಲ್ಲೇ ಕೂರುತ್ತಾಳೆ. ನನ್ನನ್ನು ಆಂಟಿ ಅನ್ನುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಒಳ್ಳೆಯ ಹುಡುಗಿ... ರೈಲಿನಲ್ಲಿ ಎದುರು ಸೀಟಿನವರ ಜೊತೆ ಇರುವಷ್ಟು ಒಳ್ಳೆಯವಳು.

ಧೂಳು ಒರೆಸಿ ಆನ್ ಮಾಡಿದೆ. ರಿಮೋಟಿನ ದಾರ ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ನನ್ನ ಕೈ ತೂರಲಿಲ್ಲ. ಯಾರದೋ ಸಣ್ಣ ಮಣಿಕಟ್ಟಿಗೆ ಬಿಗಿ ಮಾಡಿಟ್ಟಿದ್ದು.

ಪರದೆಯ ತುಂಬಾ ಹಿಮ. ಹೊರಗೆ ಸುಡು ಬಿಸಿಲು. ಗೊಂಬೆಗಳಂಥ ಮೂರು ಜನ ಸಾಲಾಗಿ ನಿಂತು ಕೈ ಬೀಸಿದರು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು: ಅಪ್ಪ. ಮಿಡತೆ. ಅಮ್ಮ.

ಅಮ್ಮನಿಗೆ ದುಂಡು ಕನ್ನಡಕ, ಎರಡು ಜಡೆ, ಹಳದಿ ಸ್ವೆಟರು. ಕೆನ್ನೆಯ ಮೇಲೊಂದು ಮಚ್ಚೆ. ಯಾರೋ ಕೂತು ಪ್ರೀತಿಯಿಂದ ಮಾಡಿದ್ದು. ಮಿಡತೆಯ ಕೋಣೆಯ ಫೋಟೋದಲ್ಲಿ ಅವಳು ನಗುವುದಿಲ್ಲ. ಇಲ್ಲಿ ಬಾಯಿ ತುಂಬಾ ನಗು.

ಆಮೇಲೆ ಪರದೆಯಲ್ಲಿ ಒಂದು ಮಾತು ಮೂಡಿತು. ಅಮ್ಮ ಆಡಿ 646 ದಿನಗಳಾದವು, ಅವರು ಹೇಗಿದ್ದಾರೆ? ಕೆಳಗೆ ಮೂರು ಉತ್ತರ. ಚೆನ್ನಾಗಿದ್ದಾರೆ. ಬಿಡುವಿಲ್ಲ. ಗೊತ್ತಿಲ್ಲ. ಒಂದನ್ನು ಒತ್ತದೆ ಮುಂದೆ ಹೋಗಲು ಬಿಡುವುದಿಲ್ಲ.

ಗೊತ್ತಿಲ್ಲ ಎಂದು ಒತ್ತಿದೆ.


ಆಗಸ್ಟ್ 2, ಬುಧವಾರ

ನಿನ್ನೆ ಹಿಮದ ಗುಡ್ಡ ಜಾರುವ ಸ್ಕೀಯಿಂಗ್ ಆಡಲು ಹೋಗಿ ಮೂರು ಸಲ ಮರಕ್ಕೆ ಗುದ್ದಿದೆ. ಹೊಸ ಆಟಗಾರರಿಗೆ ಗೆಸ್ಟ್ ಅಂತ ಹೆಸರು. ಬೂದು ಬಣ್ಣದ ಗೊಂಬೆ, ಕಣ್ಣು ಮೂಗು ಇಲ್ಲ. ಗುಡ್ಡದ ಎರಡೂ ಬದಿ ಜನ ನಿಂತಿರುತ್ತಾರೆ, ನೋಡುವವರು. ಆ ಜನರಲ್ಲೂ ಇವಳೇ. ಹಳದಿ ಸ್ವೆಟರು. ನಾನು ಬಿದ್ದಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಎದ್ದಾಗ ಚಪ್ಪಾಳೆ ತಟ್ಟಿದಳು. ಆಟ ಮಾಡಿದವರು ಮನೆಯವರ ಮುಖಗಳನ್ನೇ ಗುಂಪಿನಲ್ಲಿ ತುಂಬುತ್ತಾರೆ ಎಂದು ಗೊತ್ತು. ಗೊತ್ತಿದ್ದೂ ಅಲ್ಲಿಗೇ ಆರಿಸಿದೆ.

ಇವತ್ತು ಭುಜಕ್ಕೆ ಹಗುರವಾದದ್ದು ಹುಡುಕಿದೆ. ಕರ್ಲಿಂಗ್. ಹಿಡಿಕೆ ಇರುವ ದುಂಡು ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ಬಿಡುವುದು. ದೂರದಲ್ಲಿ ಒಂದು ವೃತ್ತ. ನಡುವಿಗೆ ಹತ್ತಿರ ನಿಂತಷ್ಟೂ ಅಂಕ. ಎಂಟು ಕಲ್ಲಿಗೆ ಒಂದು ಆಟ. ನನ್ನವು ಒಂದೋ ಗೋಡೆಗೆ ಹೋಗಿ ಬಡಿದವು, ಇಲ್ಲ ಅರ್ಧ ದಾರಿಯಲ್ಲಿ ನಿಂತವು. 214.

ಕೊನೆಗೆ ಪಟ್ಟಿ ಬರುತ್ತದೆ. ಅತಿ ಹೆಚ್ಚು ಅಂಕದ ಐದು ಆಟ. ಐದೂ ಸಾಲಿನಲ್ಲಿ ಒಂದೇ ಹೆಸರು. ಅಮ್ಮ 688, ಅಮ್ಮ 671, ಅಮ್ಮ 655, ಅಮ್ಮ 640, ಅಮ್ಮ 632. ಪಕ್ಕದಲ್ಲಿ ತಾರೀಖು. ಎಲ್ಲಕ್ಕೂ ಮೇಲಿರುವುದು ಅಕ್ಟೋಬರ್ 24.


ಆಗಸ್ಟ್ 9, ಬುಧವಾರ. 4 ಗಂಟೆ

480. ದಿನಾ ಒಂದು ತಾಸು ಆಡುತ್ತೇನೆ. ಮಿಡತೆಯ ಸ್ಕೂಲ್ ವ್ಯಾನು ಬರುವುದು ನಾಲ್ಕೂ ಇಪ್ಪತ್ತಕ್ಕೆ. ಅಷ್ಟರೊಳಗೆ ಆರಿಸಿ, ದಾರ ಸುತ್ತಿ ಇಡುತ್ತೇನೆ. ಯಾಕೆ? ಯಾರೂ ಬೇಡ ಅಂದಿಲ್ಲ. ಕದ್ದು ತಿಂದವಳ ಹಾಗೆ ಬಾಯಿ ಒರೆಸಿಕೊಳ್ಳುತ್ತೇನೆ.

ಈ ಮನೆಯಲ್ಲಿ ನನ್ನ ಕೈಗೆ ಸಿಗುವುದೆಲ್ಲ ಮಿಡತೆಯ ಅಮ್ಮ ಇಟ್ಟಿದ್ದು. ಉಪ್ಪು, ಸಕ್ಕರೆ ಡಬ್ಬಿಗಳ ಮೇಲೆ ಅವಳ ಅಕ್ಷರ. ಟವೆಲಿನ ಮೊಳೆ ಅವಳ ಎತ್ತರಕ್ಕೆ. ನಾನು ತುದಿಗಾಲಲ್ಲಿ ನಿಲ್ಲಬೇಕು. ಯಾವುದನ್ನೂ ಬದಲಿಸಿಲ್ಲ. ಅಕ್ಕ ಫೋನಿನಲ್ಲಿ ಬೈದಳು: ಮೊಳೆ ಕೆಳಗೆ ಹೊಡೆಸಿಕೋ, ಮನೆ ನಿನ್ನದೇ ಅಲ್ಲವಾ ಎಂದು. ಹೂಂ ಅಂದೆ.

ಅವಳ ಬಗ್ಗೆ ಇವರು ಏನೂ ಹೇಳಿಲ್ಲ. ಕಾಯಿಲೆ, ಒಂದು ವರ್ಷ ನರಳಿದಳು, ನವೆಂಬರ್ ಎರಡಕ್ಕೆ ಹೋದಳು. ನೋಡಲು ಬಂದಾಗ ಹೇಳಿದ್ದು ಇಷ್ಟೇ. ಇನ್ನೂ ಕೇಳಬೇಕಿತ್ತೇನೋ.


ಆಗಸ್ಟ್ 12, ಶನಿವಾರ

ರಜೆ. ಬೆಳಿಗ್ಗೆ ಮಿಡತೆ ಎದ್ದವಳೇ ಆಟದ ಪೆಟ್ಟಿಗೆ ಆನ್ ಮಾಡಿದಳು. ಅಡುಗೆಮನೆಯಿಂದ ಸದ್ದು ಕೇಳಿ ಖುಷಿಯಾಯಿತು, ಜೊತೆಗೆ ಆಡೋಣ ಎಂದು ಕೈ ಒರೆಸಿಕೊಂಡು ಬಂದೆ. ಅಷ್ಟರಲ್ಲಿ ಆರಿಸಿ ಎದ್ದಿದ್ದಳು. ಎರಡು ನಿಮಿಷವೂ ಆಗಿಲ್ಲ. ಆಡಲ್ವಾ ಎಂದು ಕೇಳಿದೆ. ಇಲ್ಲ ಆಂಟಿ, ಸುಮ್ನೆ ನೋಡಿದೆ ಅಂದಳು.

ಇವರು ಪೇಪರ್ ಓದುತ್ತಿದ್ದರು. ಟಿವಿಗೆ ಬೆನ್ನು ಹಾಕಿ.


ಆಗಸ್ಟ್ 21, ಸೋಮವಾರ

ಐನೂರ ಅರವತ್ತರಲ್ಲೇ ನಿಂತಿದ್ದೇನೆ. ಎಂಟು ದಿನವಾಯಿತು. ಅವಳಿಗೆ ಹೇಗೆ ಆಗುತ್ತಿತ್ತು? ಇನ್ನೊಂದು ವಿಷಯ ಕಂಡುಹಿಡಿದೆ. ಪಟ್ಟಿಯ ಸಾಲನ್ನು ಒತ್ತಿದರೆ ಆ ಆಟದ ಎಂಟು ಕಲ್ಲುಗಳನ್ನೂ ಮತ್ತೆ ಓಡಿಸಿ ತೋರಿಸುತ್ತದೆ. ಅಕ್ಟೋಬರ್ 24 ಒತ್ತಿದೆ. ಗೊಂಬೆ ಬಗ್ಗಿ ಕಲ್ಲು ಬಿಡುತ್ತದೆ. ಎಷ್ಟು ಮೆತ್ತಗೆ. ಮಲಗಿದ ಮಗುವಿನ ತಲೆಗೆ ದಿಂಬು ಸರಿಸಿದ ಹಾಗೆ. ಕಲ್ಲು ಅವಸರವಿಲ್ಲದೆ ಹೋಗುತ್ತದೆ, ನಿಂತೇ ಹೋಯಿತು ಅನ್ನುವಾಗ ಇನ್ನೊಂದು ಗೇಣು ಜಾರಿ ನಡುವೆ ಕೂರುತ್ತದೆ.

ಪ್ರತಿ ಕಲ್ಲಿಗೂ ಮೊದಲು ಗೊಂಬೆ ಬಹಳ ಹೊತ್ತು ಸುಮ್ಮನೆ ನಿಂತಿರುತ್ತದೆ. ಆಮೇಲೆ ತಲೆ ಬಲಕ್ಕೆ ತಿರುಗುತ್ತದೆ. ಬಲಗಡೆ ಏನಿದೆ? ಈ ಹಾಲಿನಲ್ಲಿ ಬಲಗಡೆ ಇರುವುದು ಬಾಗಿಲು. ಗೊಂಬೆ ತಿರುಗುವುದು ರಿಮೋಟು ವಾಲಿದರೆ. ಹಾಗಾದರೆ ಅವಳ ಕೈ ವಾಲಿತ್ತು, ಅಷ್ಟೇ. ಎಂಟು ಸಲ.

ನಾಲ್ಕು ಸಲ ನೋಡಿದೆ. ಆಮೇಲೆ ಬಾಗಿಲು ಹಾಕಿದೆಯಾ ಎಂದು ಎದ್ದು ಹೋಗಿ ನೋಡಿ ಬಂದೆ.


ಆಗಸ್ಟ್ 22, ಮಂಗಳವಾರ

ಸಿಕ್ಕಿತು. ಭುಜ ತುಂಬಾ ನೋಯುತ್ತಿತ್ತೆಂದು ಕಿಟಕಿ ಹತ್ತಿರದ ಬೆತ್ತದ ಕುರ್ಚಿ ಎಳೆದು ಕೂತೆ. ಮೊಣಕೈ ಕುರ್ಚಿಯ ತೋಳಿನ ಮೇಲೆ ಊರಿ ಬರೀ ಮಣಿಕಟ್ಟು ಆಡಿಸಿದೆ. ಕಲ್ಲು ಮೆತ್ತಗೆ ಹೋಯಿತು. ಅವಳದರ ಹಾಗೇ. 651.

ಪಟ್ಟಿಯ ನಾಲ್ಕನೇ ಸಾಲಿನಲ್ಲಿ ಗೆಸ್ಟ್. 632 ಕೆಳಗಿನಿಂದ ಬಿದ್ದುಹೋಯಿತು. ಮಾರ್ಚ್ ತಿಂಗಳ ಯಾವುದೋ ಆಟ. ಒಂದು ಕ್ಷಣ ಕಸಿವಿಸಿ. ಆಮೇಲೆ... ಸುಳ್ಳು ಯಾಕೆ, ಇದನ್ನು ಓದುವವರು ಯಾರೂ ಇಲ್ಲ. ಖುಷಿಯಾಯಿತು. ಈ ಮನೆಯಲ್ಲಿ ಮೊದಲ ಸಲ ಒಂದು ಗೇಣು ಜಾಗ ಸಿಕ್ಕಿದ ಹಾಗೆ.


ಆಗಸ್ಟ್ 24, ಗುರುವಾರ

ಇವರು ಮೂರಕ್ಕೇ ಬಂದುಬಿಟ್ಟರು. ಕೀಲಿ ತಿರುಗಿದ್ದು ಕೇಳಿಸಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಐದನೇ ಕಲ್ಲು ಬಿಡುತ್ತಿದ್ದೆ. ಯಾಕೋ ಬಲಕ್ಕೆ ತಿರುಗಿದೆ. ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹೆಗಲ ಚೀಲ ಜಾರಿ ಮೊಣಕೈಗೆ ಬಂದಿತ್ತು, ಅದನ್ನು ಸರಿಮಾಡಿಕೊಳ್ಳಲೂ ಇಲ್ಲ.

ಏನ್ರೀ, ಹುಷಾರಿಲ್ವಾ ಎಂದೆ. ಏನಿಲ್ಲ, ಸ್ಪ್ಯಾನರ್ ಮರೆತಿದ್ದೆ ಅಂದರು. ಸ್ಪ್ಯಾನರ್ ತೆಗೆದುಕೊಳ್ಳದೆ ಹೋದರು.

ಊಟಕ್ಕೆ ಕೂತಾಗ ನನ್ನ ಕೈಯನ್ನೇ ನೋಡುತ್ತಿದ್ದರು.


ಆಗಸ್ಟ್ 25, ಶುಕ್ರವಾರ

693!

ಮೊದಲ ಸ್ಥಾನ. ಎದ್ದು ನಿಂತು ಹಾಲಿನಲ್ಲಿ ಎರಡು ಸುತ್ತು ಬಂದೆ. ಪರದೆಯಲ್ಲಿ ಗೆಸ್ಟಿನ ಬೂದು ಗೊಂಬೆ ಗೆದ್ದ ಕಪ್ ಎತ್ತಿ ಹಿಡಿದಿತ್ತು. ಸುತ್ತ ಜನ. ಎಲ್ಲರಿಗಿಂತ ಮುಂದೆ ಹಳದಿ ಸ್ವೆಟರು. ಚಪ್ಪಾಳೆ ತಟ್ಟುತ್ತಲೇ ಇತ್ತು. ಬೇರೆಯವರೆಲ್ಲ ನಿಲ್ಲಿಸಿದ ಮೇಲೂ.


ಸೆಪ್ಟೆಂಬರ್ 8, ಶುಕ್ರವಾರ

ಲ್ಯಾಬಿನಲ್ಲಿ ಸಾರ್ ನಕ್ಕರು. ಕೆತ್ತನೆ ಈಗ ನುಣುಪಾಗಿದೆ, ಮದುವೆ ಕೈಗೂ ಒಗ್ಗಿತು ನೋಡಿ ಅಂತ. ಮದುವೆಯಲ್ಲ, ಕರ್ಲಿಂಗ್ ಎಂದು ಹೇಳುವುದು ಹೇಗೆ.

ಮೊನ್ನೆ ಮೊನ್ನೆ 690. ಇವತ್ತು 701. ಮೇಲಿನ ಮೂರೂ ಸಾಲು ಗೆಸ್ಟ್. 688 ನಾಲ್ಕಕ್ಕೆ ಇಳಿದಿದೆ, 671 ಐದಕ್ಕೆ. ಉಳಿದವೆಲ್ಲ ಹೋದವು. ಭುಜದ ನೋವು ಹೋಗಿ ವಾರವಾಯಿತು. ಆದರೂ ಕೂರುತ್ತೇನೆ. ಭುಜದ ನೆಪ ಈಗ ಇಲ್ಲ. ಬರೆದಿಡುತ್ತೇನೆ, ನನಗಾದರೂ ನಿಜ ಗೊತ್ತಿರಲಿ: ಅವಳ ಹೆಸರು ಆ ಪಟ್ಟಿಯಲ್ಲಿ ಇರಬಾರದು ಅನ್ನಿಸುತ್ತಿದೆ. ಮೊಳೆ ಅವಳದು, ಡಬ್ಬಿ ಅವಳದು, ಇಬ್ಬರೂ ಅವಳವರು. ಇದೊಂದಾದರೂ.

ಆಟ ಪ್ರತಿ ವಾರವೂ ಕೇಳುತ್ತದೆ, ಅಮ್ಮ ಹೇಗಿದ್ದಾರೆ ಎಂದು. ಈಗ ನೋಡದೆಯೇ ಒತ್ತುತ್ತೇನೆ. ಬಿಡುವಿಲ್ಲ.


ಸೆಪ್ಟೆಂಬರ್ 14, ಗುರುವಾರ

695. ಅಕ್ಟೋಬರ್ 24 ಕೊನೇ ಸಾಲಿನಲ್ಲಿ. ಕೆಳಗೆ ಬರೀ ಬಿಳಿ.

ಮಿಡತೆ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಪರೀಕ್ಷೆ ಇರಬೇಕು.


ಸೆಪ್ಟೆಂಬರ್ 15, ಶುಕ್ರವಾರ. 3.50

704. ಐದೂ ನಾನೇ.

ಕುಣಿಯಬೇಕೆನ್ನಿಸಲಿಲ್ಲ. ಮನೆ ಸದ್ದಿಲ್ಲದೆ ಇತ್ತು. ಫ್ರಿಜ್ ಕೂಡ ಆಗಲೇ ನಿಂತಿತು. ಪಟ್ಟಿ ನೋಡಿದೆ. ಗೆಸ್ಟ್, ಗೆಸ್ಟ್, ಗೆಸ್ಟ್, ಗೆಸ್ಟ್, ಗೆಸ್ಟ್. ಬಂದುಹೋಗುವವರ ಹೆಸರು ಅದು. ಇದಕ್ಕಾ ಇಷ್ಟು ದಿನ?

ಆ ಎಂಟು ಕಲ್ಲುಗಳನ್ನು ಇನ್ನೊಮ್ಮೆ ನೋಡೋಣ ಎಂದು ಹುಡುಕಿದೆ. ಆಗ ಹೊಳೆಯಿತು. ಸಾಲು ಹೋದರೆ ಆಟವೂ ಹೋಗುತ್ತದೆ. ಎಲ್ಲಿಯೂ ಇಲ್ಲ.


ಸೆಪ್ಟೆಂಬರ್ 16, ಶನಿವಾರ. ಮಧ್ಯಾಹ್ನ

ಮಿಡತೆ ಎದ್ದು ಬಂದು ಆನ್ ಮಾಡಿದಳು. ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಈ ಸಲ ನೋಡಿದೆ, ಎಲ್ಲಿಗೆ ಹೋಗುತ್ತಾಳೆ ಎಂದು. ಕರ್ಲಿಂಗ್. ಪಟ್ಟಿ.

ಅಷ್ಟೇ ನೋಡುತ್ತಿದ್ದಳು. ಇಷ್ಟು ಶನಿವಾರವೂ ಅಷ್ಟೇ ನೋಡುತ್ತಿದ್ದಳು.

ಅಳಲಿಲ್ಲ. ಕೂಗಲಿಲ್ಲ. ಕೈ ರಿಮೋಟಿನ ಮೇಲೆ ಹಾಗೇ ಇತ್ತು. ಒಂದೊಂದು ಸಾಲನ್ನೂ ಬೆರಳಿನಿಂದ ಮೇಲಿನಿಂದ ಕೆಳಗೆ ಎಣಿಸಿದಳು. ಮತ್ತೆ ಕೆಳಗಿನಿಂದ ಮೇಲೆ. ಆರಿಸಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆತ್ತಗೆ.


ಸೆಪ್ಟೆಂಬರ್ 17, ಭಾನುವಾರ

ಊಟ ಮಾಡಿಲ್ಲ. ಹಾಲು ಕುಡಿದಳು, ಇವರು ಕೈಯಲ್ಲಿ ಹಿಡಿದು ಕುಡಿಸಿದರು. ಮಾತಿಲ್ಲ.

ಇವರನ್ನು ಟೆರೇಸಿಗೆ ಕರೆದೆ. ನಡೆದದ್ದೆಲ್ಲ ಹೇಳಿದೆ. ನೀರಿನ ಟ್ಯಾಂಕಿಗೆ ಒರಗಿ ಕೇಳಿದರು. ಆಮೇಲೆ ಒಂದೊಂದಾಗಿ ಹೇಳಿದರು. ಕೊನೆಯ ತಿಂಗಳುಗಳಲ್ಲಿ ಅವಳು ಹೊರಗೆ ಹೋಗುವ ಹಾಗಿರಲಿಲ್ಲ. ಕೈಯಲ್ಲಿ ಶಕ್ತಿ ಉಳಿಯಲಿ ಎಂದು ಡಾಕ್ಟರೇ ಆಟ ಆಡಿ ಅಂದಿದ್ದರಂತೆ. ಮೊದಮೊದಲು ಮೂವರೂ ನಿಂತು ಆಡಿ ನಗುತ್ತಿದ್ದರು. ಆಮೇಲೆ ಅವಳಿಗೆ ನಿಲ್ಲಲು ಆಗದೆ ಬೆತ್ತದ ಕುರ್ಚಿ ಕಿಟಕಿಯ ಹತ್ತಿರ ಬಂತು. ಎಡಗೈ ಏಳುತ್ತಿರಲಿಲ್ಲ. ಬಲಗೈಯ ಮಣಿಕಟ್ಟು ಮಾತ್ರ. ಅಕ್ಟೋಬರ್ 24 ಅವಳ ಕೊನೆಯ ಆಟ. ಒಂಬತ್ತು ದಿನಕ್ಕೆ ಹೋದಳು.

ಆವತ್ತು ಇವರು ಬಾಗಿಲಲ್ಲಿ ನಿಂತದ್ದು ಯಾಕೆ ಎಂದು ಕೇಳಬೇಕಾಗಲಿಲ್ಲ.

“ಇದೆಲ್ಲ ಮೊದಲೇ ಗೊತ್ತಿತ್ತಲ್ಲ ನಿಮಗೆ. ಒಂದು ಮಾತು ಹೇಳ್ಬಾರದಿತ್ತಾ?”

“ಹೇಳ್ಬೇಕಿತ್ತು.” ಅಂಗೈಯ ಗ್ರೀಸ್ ಕಲೆ ಉಜ್ಜುತ್ತಿದ್ದರು. “ಯಾರಾದ್ರೂ ಅದರಲ್ಲಿ ಮತ್ತೆ ಆಡ್ಲಿ ಅಂತ ಇತ್ತು. ನನ್ ಕೈಲಿ ಆಗ್ತಿರ್ಲಿಲ್ಲ.”

ಸಿಟ್ಟು ಬಂತು. ಅವರ ಮೇಲೆ ಅರ್ಧ ಘಳಿಗೆ, ಉಳಿದದ್ದೆಲ್ಲ ನನ್ನ ಮೇಲೆ. ಗೊತ್ತಿಲ್ಲದೆ ಮಾಡಿದೆ ಎಂದು ಅವರಿಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಎಂಟನೇ ತಾರೀಖಿನ ಪುಟ ತೆಗೆದು ಓದಿದರೆ ಸಾಕು.


ಸೆಪ್ಟೆಂಬರ್ 20, ಬುಧವಾರ

ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಪೆಟ್ಟಿಗೆಯನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಒಳ್ಳೆಯವನು. ಕನ್ನಡಕ ಹಣೆಗೇರಿಸಿ ಅರ್ಧ ತಾಸು ನೋಡಿದ. ಮೇಲೆ ಬರೆದುಬಿಟ್ಟರೆ ಹಳೆಯದು ಬರಲ್ಲ ಮೇಡಂ, ಬೇರೆ ಎಲ್ಲೂ ಉಳಿಸಿಡೋ ಮಾಡೆಲ್ ಅಲ್ಲ ಇದು ಅಂದ. ಅಂಥ ಮುಖ್ಯವಾದ ಆಟವಾ ಎಂದು ಕೇಳಿದ. ಮನೆಯವರ ಆಟ ಅಂದೆ. ಮತ್ತೆ ಆಡಿದರೆ ಆಯ್ತಲ್ಲ ಎಂದು ಸಮಾಧಾನ ಹೇಳಿದ.

ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಯಾರನ್ನೋ ಆಸ್ಪತ್ರೆಯಿಂದ ವಾಪಸು ಕರೆತಂದ ಹಾಗೆ. ಡಾಕ್ಟರು ಆಗಲ್ಲ ಅಂದ ಮೇಲೆ.


ಸೆಪ್ಟೆಂಬರ್ 21, ಗುರುವಾರ

ಈ ಡೈರಿಯಲ್ಲಿ ಐದೂ ಅಂಕಗಳನ್ನು ಬರೆದಿದ್ದೆನಲ್ಲ. ಒಳ್ಳೆಯ ಕಾಗದದ ಮೇಲೆ ದುಂಡಗೆ ಬರೆದೆ. ಅಮ್ಮ 688, ಅಕ್ಟೋಬರ್ 24. ಉಳಿದ ನಾಲ್ಕು ಕೆಳಗೆ. ಮಿಡತೆಯ ಮೇಜಿನ ಮೇಲಿಟ್ಟೆ.

ಸಂಜೆ ತಂದು ನನ್ನ ಕೈಗೇ ಕೊಟ್ಟಳು. ಐದು ದಿನದಲ್ಲಿ ಮೊದಲ ಮಾತು.

“ಇದು ನಿಮ್ಮ ಅಕ್ಷರ, ಆಂಟಿ.”

ಕೋಪವಿರಲಿಲ್ಲ. ತಪ್ಪು ಮನೆಗೆ ಬಂದ ಕಾಗದವನ್ನು ಪೋಸ್ಟ್‌ಮ್ಯಾನಿಗೆ ತಿರುಗಿಸಿ ಕೊಡುವ ಹಾಗೆ ಕೊಟ್ಟಳು.


ಸೆಪ್ಟೆಂಬರ್ 26, ಮಂಗಳವಾರ

ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿಸಿದೆ. ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನಿಸಿತು. ನಾಲ್ಕೂವರೆಗೆ ಮಿಡತೆ ಟಿವಿ ಕೆಳಗಿನ ಖಾಲಿ ಜಾಗ ನೋಡಿದಳು. ಬ್ಯಾಗು ಇಳಿಸಲಿಲ್ಲ. ಎಲ್ಲಿಟ್ರಿ, ಎಲ್ಲಿಟ್ರಿ ಎಂದು ಎರಡು ಸಲ ಕೇಳಿದಳು. ಅಮ್ಮ ಅದರೊಳಗೇ ಇದಾಳೆ ಅಂದಳು. ನಾನು ಸ್ಟೂಲು ಹಾಕಿ ಹತ್ತಿದೆ. ಇಳಿಸಿ ಇಟ್ಟು, ವೈರು ಸಿಕ್ಕಿಸಿ, ಆನ್ ಮಾಡಿದೆ. ಮೂವರೂ ಕೈ ಬೀಸಿದರು. ಮಿಡತೆ ನೆಲದ ಮೇಲೆ ಕೂತು, ಉಸಿರು ಹದಕ್ಕೆ ಬರುವವರೆಗೆ ಪರದೆಯನ್ನೇ ನೋಡಿದಳು.

ನನಗೆ ಅವಳನ್ನು ನೋಡಲಾಗಲಿಲ್ಲ. ದುಂಡು ಕನ್ನಡಕದವಳನ್ನು. ಬಾಯಿ ತುಂಬಾ ನಗುತ್ತಲೇ ಇದ್ದಳು.


ಅಕ್ಟೋಬರ್ 1, ಭಾನುವಾರ. ಸಂಜೆ 6

ಬೇಗ ಬರೆದುಬಿಡಬೇಕು, ಒಂದು ಮಾತೂ ತಪ್ಪದ ಹಾಗೆ.

ಇವರು ತುರ್ತು ಕರೆ ಬಂತೆಂದು ಹೋದರು. ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರೇ. ಮಿಡತೆಯ ಕೋಣೆಯ ಹೊರಗೆ ನೆಲದ ಮೇಲೆ ಕೂತೆ, ಬಾಗಿಲು ಅರ್ಧ ತೆಗೆದಿತ್ತು. ಅವಳು ಮಂಚದ ಮೇಲೆ. ತಪ್ಪಾಯ್ತು ಎಂದೆ. ನೆಪ ಹೇಳಲಿಲ್ಲ. ಎದ್ದು ಹೋಗೋಣ ಅನ್ನುವಾಗ ಒಳಗಿನಿಂದ—

“ನಂಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಅದು ಕೆಳಗೆ ಹೋಗ್ತಿರೋದು. ಒಂದನೇದು ಆಗಿತ್ತು, ಆಮೇಲೆ ಎರಡು, ಆಮೇಲೆ ಮೂರು, ನಾಲ್ಕು. ಪ್ರತಿ ಶನಿವಾರ ನೋಡ್ತಿದ್ದೆ. ನಿಮಗೆ ಹೇಳ್ಬಹುದಿತ್ತು.”

ಯಾಕೆ ಹೇಳಲಿಲ್ಲ ಎಂದೆ.

“ಹೋಗ್ಲಿ ಅಂತ ಸುಮ್ನಿದ್ದೆ,” ಅಂದಳು.

ಆಮೇಲೆ ಹೇಳಿದಳು. ತಡೆದು ತಡೆದು, ಗೋಡೆಯ ಕಡೆ ಮುಖ ಮಾಡಿ. ಅಕ್ಟೋಬರ್ 24 ಕೂಡ ಭಾನುವಾರ. ಗೆಳತಿಯ ಹುಟ್ಟುಹಬ್ಬ ಇತ್ತು. ಹೊಸ ಫ್ರಾಕು ಹಾಕಿ ಹೊರಟಿದ್ದಾಗ ಅಮ್ಮ ಕುರ್ಚಿಯಿಂದ ಕರೆದಳಂತೆ, ಮಿಡತೆ, ಒಂದಾಟ ಆಡಿ ಹೋಗೇ ಎಂದು. ಎರಡು ರಿಮೋಟಿಗೂ ಹೊಸ ಸೆಲ್ ಹಾಕಿಸಿ ಇಟ್ಟುಕೊಂಡಿದ್ದಳು. ಇವಳು ಆಮೇಲೆ ಬಂದು ಆಡ್ತೀನಿ ಅಂದು ಓಡಿದಳು. ಬಂದಾಗ ಕತ್ತಲಾಗಿತ್ತು, ಅಮ್ಮ ಮಲಗಿದ್ದಳು. ಮರುದಿನ ಆಸ್ಪತ್ರೆ. ಮತ್ತೆ ಆ ಕುರ್ಚಿಗೆ ಬರಲೇ ಇಲ್ಲ.

“ನಂಗೋಸ್ಕರ ಕಾದಳು. ಕಾದು ಕಾದು ಒಬ್ಬಳೇ ಆಡಿದಳು. ಅದರಲ್ಲಿ ಕಾಣತ್ತೆ ಆಂಟಿ. ಪ್ರತಿ ಕಲ್ಲಿಗೂ ಬಾಗಿಲ ಕಡೆ ನೋಡ್ತಾಳೆ.”

ನಾನೂ ನೋಡಿದ್ದೆ. ಎಂಟು ಸಲ. ಅದನ್ನು ಹೇಳಲಿಲ್ಲ.

ಆ ಸಾಲು ಅಳಿದುಹೋಗಲಿ ಎಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದಳಂತೆ. ತಾನೇ ಅಳಿಸಲು ಕೈ ಬರುತ್ತಿರಲಿಲ್ಲ. ಪ್ರತಿ ವಾರ ಇದೆಯಾ ಎಂದು ನೋಡುವುದು, ಇದೆ ಎಂದು ಸಮಾಧಾನ, ಇದೆಯಲ್ಲ ಎಂದು ಸಂಕಟ. ಅದು ಇಲ್ಲ ಎಂದು ಕಂಡ ದಿನ ಮೊದಲು ಹಗುರವಾಯಿತಂತೆ. “ಒಂದೇ ಒಂದು ಸೆಕೆಂಡು,” ಎಂದು ಬೆರಳು ಎತ್ತಿ ತೋರಿಸಿದಳು. ಹಗುರವಾಯಿತಲ್ಲ ಎಂದೇ ಆಮೇಲೆ ಅನ್ನ ಇಳಿಯಲಿಲ್ಲ. ಹತ್ತು ವರ್ಷದ ಹುಡುಗಿ ಇದನ್ನೆಲ್ಲ ಒಬ್ಬಳೇ ಹೊತ್ತುಕೊಂಡು, ಬೆನ್ನಿಗೆ ಸ್ಕೂಲ್ ಬ್ಯಾಗನ್ನೂ ಹಾಕಿಕೊಂಡು ದಿನಾ ವ್ಯಾನು ಹತ್ತುತ್ತಿದ್ದಳು.

ನಿನ್ನದೇನೂ ತಪ್ಪಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ಅವಳಿಗೆ ಎಷ್ಟು ಜನ ಎಷ್ಟು ಸಲ ಹಾಗೆ ಹೇಳಿರಬೇಕು, ಬೇರೆ ಯಾವುದಕ್ಕೋ. ಅದರ ಬದಲು ನಿಜ ಹೇಳಿದೆ.

“ನಾನೂ ಬೇಕು ಅಂತಾನೇ ಮಾಡ್ದೆ. ಭುಜಕ್ಕೆ ಅಲ್ಲ. ನಿಮ್ಮಮ್ಮನ್ನ ಸೋಲಿಸ್ಬೇಕಿತ್ತು ನಂಗೆ.”

ತಿರುಗಿ ನೋಡಿದಳು. ಮೊದಲ ಸಲ ನೆಟ್ಟಗೆ.

“ಯಾಕೆ?”

“ಈ ಮನೇಲಿ ಎಲ್ಲಾ ಕಡೆ ಅವಳೇ ಇದ್ದಳು. ಹೊಟ್ಟೆಕಿಚ್ಚಾಯ್ತು.”

ಯೋಚಿಸಿದಳು. ಮೊಣಕಾಲಿನ ಮೇಲೆ ಗಲ್ಲ ಇಟ್ಟು. ಎಷ್ಟು ದಿನ ಬೇಕಾಯಿತು ಎಂದು ಕೇಳಿದಳು. ಆರು ವಾರ, ದಿನಾ ಒಂದು ತಾಸು, ಎರಡು ಕೈಯೂ ಗಟ್ಟಿ ಇರುವವಳಿಗೆ ಎಂದೆ.

“ಅವಳು ಚೆನ್ನಾಗಿ ಆಡ್ತಿದ್ದಳು, ಅಲ್ವಾ?”

“ತುಂಬಾ ಚೆನ್ನಾಗಿ. ಅಷ್ಟು ಮೆತ್ತಗೆ ಕಲ್ಲು ಬಿಡೋದು ನಂಗೆ ಇವತ್ತಿಗೂ ಬರಲ್ಲ.”

ಆಗ ಅತ್ತಳು. ನಾನು ಬಾಗಿಲ ಈಚೆಯೇ ಕೂತಿದ್ದೆ. ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಂದು ನನ್ನ ಪಕ್ಕ ಗೋಡೆಗೆ ಒರಗಿದಳು. ಹಸಿವಾಗ್ತಿದೆ ಅಂದಳು.


ಅಕ್ಟೋಬರ್ 7, ಶನಿವಾರ. ಸಂಜೆ 5.10

ಒಂದು ವಾರ ಬರೆಯಲಾಗಲಿಲ್ಲ. ಲ್ಯಾಬಿನಲ್ಲಿ ಪೂರ್ತಿ ಬಾಯಿಯ ಎರಡು ಸೆಟ್ಟು. ಮನೆಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ಮಿಡತೆ ಉಣ್ಣುತ್ತಾಳೆ. ಮಧ್ಯೆ ಮಧ್ಯೆ ಮಾತು ನಿಂತುಹೋಗುತ್ತದೆ, ಆಗ ಕೆದಕುವುದಿಲ್ಲ. ಆ ಭಾನುವಾರದ ವಿಷಯವನ್ನು ಅಪ್ಪನಿಗೆ ಅವಳೇ ಹೇಳಿದಳು. ಇವರು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಿದ್ದರು.

ಇವತ್ತು ಮಧ್ಯಾಹ್ನ ಅವಳೇ ಕೇಳಿದಳು, ಅಮ್ಮನ ಹಾಗೆ ಕಲ್ಲು ಬಿಡುವುದನ್ನು ಕಲಿಸುತ್ತೀರಾ ಎಂದು. ಅದನ್ನು ಕಲಿಯಲೆಂದು ನೋಡಿದವಳು ನಾನೊಬ್ಬಳೇ ತಾನೇ. ಮೊಣಕೈ ಊರು, ಮಣಿಕಟ್ಟು ಮಾತ್ರ ಎಂದು ತೋರಿಸಿದೆ. ಮೂರನೇ ಕಲ್ಲಿಗೇ ಬಂತು. ನನಗಿಂತ ಮೆತ್ತಗೆ. ರಕ್ತದಲ್ಲಿದೆ. ಗುಂಪಿನಲ್ಲಿ ಹಳದಿ ಸ್ವೆಟರು ಚಪ್ಪಾಳೆ ತಟ್ಟುತ್ತಿತ್ತು. ಮಿಡತೆ ಅದನ್ನು ನೋಡಿದಳು, ನಾನೂ ನೋಡಿದೆ. ಕಲ್ಲು ನಿಂತ ಮೇಲೂ ಅದರ ಕೈ ನಿಲ್ಲಲಿಲ್ಲ.

ಹೆದರಿಕೆ ಹೋಗಿಲ್ಲ ನನಗೆ. ಹೋಗುತ್ತದೆ ಅಂತಲೂ ಅನ್ನಿಸುವುದಿಲ್ಲ. ಮಧ್ಯಾಹ್ನ ಒಬ್ಬಳೇ ಇರುವಾಗ ಕುರ್ಚಿಯ ಬೆತ್ತ ಕಿರ್ ಅಂದರೆ ಈಗಲೂ ತಿರುಗಿ ನೋಡುತ್ತೇನೆ. ಆದರೆ ಅವಳು ಯಾರಿಗಾಗಿ ಕಾದಿದ್ದಳು ಎಂದು ಈಗ ಗೊತ್ತು. ಕಾಯುವವರನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ?

ಹಾಲಿನಲ್ಲಿ ಸದ್ದು. ಇವರು ಟಿವಿಯ ಕಡೆ ಮುಖ ಮಾಡಿ ಕೂತಿದ್ದಾರೆ, ಇಲ್ಲಿಂದ ಕಾಣುತ್ತಿದೆ. ಮಿಡತೆ ಇಬ್ಬರ ಆಟ ಹಾಕಿದ್ದಾಳೆ. ಮೊದಲ ಕಲ್ಲು ನನ್ನದಂತೆ. ಎರಡು ಸಲ ಕರೆದಳು. ಇದು ಮೂರನೆಯದು: “ಆಂಟೀ, ಬರ್ತೀರಾ?”

ಇದೊಂದು ಸಾಲು ಮುಗಿಸಿ ಆಮೇಲೆ ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಈ ಮನೆಯಲ್ಲಿ ಆ ಮಾತನ್ನು ಇನ್ನೊಮ್ಮೆ... ಇಲ್ಲ, ಹೊರಟೆ.